ಏಕನಾಥಮ್ಮನ ಕೈಗುಣ

ಏಕನಾಥಮ್ಮನ ಬಾಯಿ ಕೆಟ್ಟದ್ದು ಎಂದು ಊರಿನವರು ಹೇಳುತ್ತಾರೆ. ಹಿರಿಯೂರು ತಾಲೂಕಿನಲ್ಲಿ ಮಾರಿಕಣಿವೆ ಕಾಲುವೆಯ ನೀರು ಹರಿಯುವ ಸಣ್ಣ ಊರು ಅದು. ಬೀದಿಯ ಆ ತುದಿಯಲ್ಲಿ ಅವಳು ಬರುವುದು ಕಂಡರೆ ಈ ತುದಿಯ ಕಟ್ಟೆಯ ಮೇಲೆ ಕೂತವರು ಮಾತು ಬದಲಿಸುತ್ತಾರೆ. ಕಾಲುವೆಯ ನೀರು ಕದ್ದು ತನ್ನ ಹೊಲಕ್ಕೆ ತಿರುಗಿಸಿಕೊಂಡವನೊಬ್ಬನನ್ನು ಬಸ್ಸಿನಲ್ಲಿ ಹಿಡಿದು, ಐಮಂಗಲದಿಂದ ಹಿರಿಯೂರಿನವರೆಗೂ ಬೈದುಕೊಂಡೇ ಹೋದಳು ಎಂಬುದನ್ನು ಈಗಲೂ ನೆನೆಸಿಕೊಂಡು ನಗುತ್ತಾರೆ. ನಗಲಿ, ನಗುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಈ ಹೆಂಗಸಿಗೆ ಇಷ್ಟು ಸಿಟ್ಟು ಎಲ್ಲಿಂದ ಬಂತು ಎಂದು ನಕ್ಕವರಲ್ಲಿ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ನೆಟ್ಟಗೆ ಅವರವರ ಮನೆ ಬಾಗಿಲಿಗೇ ಬರುತ್ತಿತ್ತು.

ಅವಳು ತುರುವನೂರು ಕಡೆಯವಳು. ಎರೆ ಹೊಲದಲ್ಲಿ ಈರುಳ್ಳಿ, ಸೂರ್ಯಕಾಂತಿ ನೋಡಿಕೊಂಡು ಬೆಳೆದವಳಿಗೆ ಭತ್ತದ ಕೆಸರು ಹೊಸದು. ಮದುವೆಯಾಗಿ ಬಂದ ವರ್ಷ ಪಕ್ಕದ ಮನೆಯ ನಾಗಕ್ಕ ಕೈ ಹಿಡಿದು ಗದ್ದೆಗಿಳಿಸಿದಳು. ಸಸಿಯನ್ನು ಬೆರಳ ತುದಿಯಲ್ಲಿ ಹೇಗೆ ಹಿಡಿಯಬೇಕು, ಎಷ್ಟು ಆಳಕ್ಕೆ ಊರಬೇಕು, ಹಿಂದೆ ಹಿಂದೆ ಸರಿಯುತ್ತ ಸಾಲು ಹೇಗೆ ಹಿಡಿಯಬೇಕು, ಎಲ್ಲವನ್ನೂ ಕಲಿಸಿದವಳು ಅವಳೇ. ನಾಗಕ್ಕ ನಾಟಿ ಮತ್ತು ಕೊಯ್ಲಿನ ಹೆಂಗಸರ ಗುಂಪಿಗೆ ಯಜಮಾನಿ. ಅವಳ ಹತ್ತಿರ ಕಲಿತವರು ಕೆಟ್ಟ ನಾಟಿ ಹಾಕುವುದು ಸಾಧ್ಯವಿಲ್ಲ ಎಂಬುದು ಸುತ್ತಲಿನ ಊರುಗಳಲ್ಲೆಲ್ಲ ಇರುವ ಮಾತು.

ಏಕನಾಥಮ್ಮನ ಮಾವ ಕಾಟಪ್ಪನಿಗೆ ಕುರಿಯೂ ಇತ್ತು, ಕಾಲುವೆಯ ಕೆಳಗೆ ಒಂದು ಗದ್ದೆಯೂ ಇತ್ತು. ಬೇಸಿಗೆ ಬಂದರೆ ಕುರಿಮಂದೆಯನ್ನು ರಾತ್ರಿ ಗದ್ದೆಯಲ್ಲೇ ಕೂಡುತ್ತಿದ್ದ. ಅದೂ ಮೇಲಿನ ಬದಿಯಲ್ಲಿ ಮಾತ್ರ. ಕೆಳಗಿನ ಬದಿಗೆ ಕಾಲುವೆಯ ಬಸಿನೀರು ಬಂದು ನೆಲ ಸದಾ ತೇವವಾಗಿರುತ್ತಿತ್ತು, ಅಲ್ಲಿ ನಿಂತ ಕುರಿಗೆ ಗೊರಸು ಕೊಳೆಯುತ್ತಿತ್ತು. ಹೀಗಾಗಿ ಗದ್ದೆಯ ಮೇಲಿನ ಅರ್ಧಭಾಗ ವರ್ಷ ವರ್ಷವೂ ಕುರಿಯ ಹಿಕ್ಕೆ ತಿಂದು ಕೊಬ್ಬಿತು. ಕೆಳಗಿನ ಅರ್ಧ ಬಿಸಿಲಿಗೆ ಬಿಳಿ ಉಪ್ಪು ಉಗುಳುತ್ತ ಸವಳಾಯಿತು. ಕಾಟಪ್ಪ ತೀರಿಕೊಂಡ ಮೇಲೆ ಗದ್ದೆ ಅವನ ಇಬ್ಬರು ಗಂಡುಮಕ್ಕಳ ನಡುವೆ ಪಾಲಾಯಿತು. ಊರಿನ ಹಿರಿಯ ಕೆಂಚಣ್ಣ ಹಗ್ಗ ಹಿಡಿದು ಗದ್ದೆಯನ್ನು ಅಳೆದು, ಸರಿಯಾಗಿ ನಡುವಿಗೆ ಬದು ಹಾಕಿಸಿದ. ಮೇಲಿನದು ಅಣ್ಣ ರಂಗಪ್ಪನಿಗೆ, ಕೆಳಗಿನದು ತಮ್ಮ ಮಾರಪ್ಪನಿಗೆ. ಮಾರಪ್ಪ ಏಕನಾಥಮ್ಮನ ಗಂಡ. ಕುರಿ ಹೊಡೆದುಕೊಂಡು ವರ್ಷದ ಮುಕ್ಕಾಲು ಭಾಗ ಊರೂರು ತಿರುಗುವ ಸಾಧು ಮನುಷ್ಯ. "ಹಗ್ಗ ಸಮ ಬಂತಲ್ಲ, ಬಿಡು" ಎಂದು ಕುರಿಯ ಹಿಂದೆ ಹೋದ.

ಹಗ್ಗ ಸಮ ಬಂತು. ಭತ್ತ ಬರಲಿಲ್ಲ. ಪ್ರತಿ ಸುಗ್ಗಿಯಲ್ಲೂ ರಂಗಪ್ಪನ ಕಣದ ರಾಶಿ ಎತ್ತರ, ಏಕನಾಥಮ್ಮನದು ಗಿಡ್ಡ. ಒಂದೇ ಗದ್ದೆ, ಒಂದೇ ಕಾಲುವೆಯ ನೀರು, ನಡುವೆ ಒಂದೇ ಬದು. ಹಾಗಾದರೆ ತಪ್ಪು ಎಲ್ಲಿಯದು? ಊರು ಹೆಚ್ಚು ಹೊತ್ತು ತಲೆ ಕೆಡಿಸಿಕೊಳ್ಳಲಿಲ್ಲ. ಏಕನಾಥಮ್ಮನಿಗೆ ಕೈಗುಣ ಇಲ್ಲ ಎಂದುಬಿಟ್ಟಿತು.

ಈ ಮಾತು ಕೇಳುವುದಕ್ಕೆ ಸಣ್ಣದು. ಹೊತ್ತುಕೊಂಡು ತಿರುಗುವವರಿಗೆ ಗೊತ್ತು ಅದರ ಭಾರ. ಬೀಜ ಚೆಲ್ಲುವ ದಿನ ಮೊದಲ ಹಿಡಿಗೆ ಊರಿನವರು ಎಲ್ಲ ಮುತ್ತೈದೆಯರನ್ನೂ ಕರೆಯುತ್ತಾರೆ, ಅವಳನ್ನು ಕರೆಯುವುದಿಲ್ಲ. ಮಗಳು ಆಶಾರಾಣಿಯನ್ನು ಹೊಳಲ್ಕೆರೆಗೆ ಕೊಟ್ಟಿದ್ದಾಳೆ. ಒಮ್ಮೆ ಅಲ್ಲಿಗೆ ಹೋದವಳು ಸುಮ್ಮನೆ ಕೂರಲಾರದೆ ಹಿತ್ತಲಲ್ಲಿ ಹೀರೆಬೀಜ ಊರಲು ಕೂತಳು. ಬೀಗಿತ್ತಿ ಓಡಿಬಂದು, "ನೀವ್ಯಾಕೆ ಮೈ ಕೈ ನೋಯಿಸ್ಕಂತೀರಿ, ಕುಂತ್ಕಳ್ರಿ" ಎಂದು ನಗುನಗುತ್ತಲೇ ಬೀಜವನ್ನು ಅವಳ ಅಂಗೈಯಿಂದ ತೆಗೆದುಕೊಂಡಳು. ಮಾತು ಹೊಳಲ್ಕೆರೆಯ ತನಕ ಹೋಗಿ ಮುಟ್ಟಿತ್ತು. ಆಶಾರಾಣಿ ತಲೆ ತಗ್ಗಿಸಿಕೊಂಡು ಒಳಗೆ ಹೋದಳು. ಏಕನಾಥಮ್ಮ ಅವತ್ತೇ ಬಸ್ಸು ಹತ್ತಿದಳು. ಇಂಥದ್ದನ್ನು ನುಂಗಿದವಳ ಬಾಯಿಂದ ಮತ್ತೇನು ಬರಬೇಕು?

ಮಾರಿಕಣಿವೆ ಅಣೆಕಟ್ಟು ತುಂಬಿ ಕೋಡಿ ಬಿದ್ದ ಮೇಲೆ ಕಾಲುವೆಯ ಕೆಳಗೆ ಎಲ್ಲೆಲ್ಲೂ ಭತ್ತವೇ ಆಯಿತು. ಆಗ ಒಂದು ಸಂಶೋಧನಾ ಕೇಂದ್ರದ ಜೀಪು ಊರಿಗೆ ಬಂತು. ಅದರಿಂದ ಇಳಿದವನು ನಿರಂಜನ್, ಹೊಸದುರ್ಗದ ಕಡೆಯವನು, ಮಣ್ಣು ಮುಟ್ಟಿ ನೋಡುವ ಅಭ್ಯಾಸ ಇನ್ನೂ ಬಿಡದ ವಿಜ್ಞಾನಿ. ಸವಳು ತಡೆಯುವ ಹೊಸ ಭತ್ತದ ತಳಿಗಳನ್ನು ಬೆಳೆಸಿ ನೋಡುವ ಮೊದಲು, ಗದ್ದೆಯ ನೆಲವೇ ಎಲ್ಲೆಲ್ಲಿ ಹೇಗೆ ಬೇರೆಯಾಗುತ್ತದೆ ಎಂದು ಅವನಿಗೆ ತಿಳಿಯಬೇಕಾಗಿತ್ತು. ಅಣ್ಣತಮ್ಮಂದಿರ ಗದ್ದೆ ಅವನ ಕಣ್ಣಿಗೆ ಬಿತ್ತು. ನಡುವಿನ ಬದು ತೆಗೆದು ಇಡೀ ಗದ್ದೆಯನ್ನು ಒಂದು ಬೆಳೆಗೆ ಬಿಟ್ಟುಕೊಡಿ, ತೂಕವಾದ ಮೇಲೆ ಕಾಳು ನಿಮ್ಮದೇ ಎಂದ. ಮನೆ ಮುಂದೆ ಜೀಪು ನಿಲ್ಲುತ್ತದೆ ಎಂಬುದೇ ರಂಗಪ್ಪನಿಗೆ ಸಾಕಾಯಿತು. ಏಕನಾಥಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಏನ್ ಮಾಡ್ತೀರಿ ಸಾರ್ ಅದ್ರಾಗೆ?"

"ಏನೂ ಮಾಡಲ್ಲಮ್ಮ, ಅದೇ ಪ್ರಯೋಗ. ಇಡೀ ಗದ್ದೆಗೆ ಒಂದೇ ತಳಿ, ಒಂದೇ ಗೊಬ್ಬರ, ಒಂದೇ ದಿನ ನಾಟಿ. ಎಲ್ಲೂ ಒಂದಿಷ್ಟೂ ಹೆಚ್ಚು ಕಮ್ಮಿ ಮಾಡಂಗಿಲ್ಲ. ಕೊಯ್ಲಿಗೆ ಬಂದಾಗ ದಾರ ಕಟ್ಟಿ ಗದ್ದೆನ ಚೌಕ ಚೌಕ ಮಾಡಿ, ಒಂದೊಂದು ಚೌಕದ ಭತ್ತಾನೂ ಬೇರೆ ಬೇರೆ ತೂಗ್ತೀವಿ. ಮಾಡಿದ್ದೆಲ್ಲ ಒಂದೇ ಆದ ಮೇಲೆ, ತೂಕದಾಗೆ ಏನು ವ್ಯತ್ಯಾಸ ಬರುತ್ತೋ ಅದು ನೆಲದ್ದು."

"ನಾಟಿ ಯಾರು ಹಾಕ್ತಾರೆ?"

"ನಾಗಕ್ಕನ ಗುಂಪು. ಮೇಲೂ ಅವರೇ, ಕೆಳಗೂ ಅವರೇ."

"ನೀರು? ಕಳೆ?"

"ಎಲ್ಲಾ ನಮ್ಮೋರೇ ನೋಡ್ಕಂತಾರೆ."

"ನಾನು ಕೈ ಹಾಕಂಗೇ ಇಲ್ಲ?"

ಬೇಸರ ಮಾಡಿಕೊಂಡಳೇನೋ ಎಂದು ನಿರಂಜನ್ ಹಿಂಜರಿದ. "ಇಲ್ಲಮ್ಮ. ನೀವು ಕೈ ಹಾಕಿದ್ರೆ ಪ್ರಯೋಗ ಕೆಡುತ್ತೆ."

"ಹಂಗಾರೆ ತಗಳ್ರಿ!" ಎಂದಳು ಏಕನಾಥಮ್ಮ. ಅಷ್ಟು ಜೋರಾಗಿ ಎಂದಳೆಂದರೆ ಕೊಟ್ಟಿಗೆಯ ಎಮ್ಮೆ ಕಿವಿ ನಿಮಿರಿಸಿತು. ಇಷ್ಟು ವರ್ಷ ಅವಳು ಎದೆ ಬಡಿದುಕೊಂಡು ಹೇಳಿದರೂ ಯಾರೂ ಕೇಳದ್ದನ್ನು ಇನ್ನು ತಕ್ಕಡಿ ಹೇಳುತ್ತದೆ. ಅವಳ ಕೈ ಗದ್ದೆಗೆ ತಾಗುವುದೇ ಇಲ್ಲ. ಆಗಲೂ ಕೆಳಗಿನ ಅರ್ಧ ಕಡಿಮೆ ತೂಗಿದರೆ ಯಾರ ಕೈಗುಣ ಅನ್ನುತ್ತಾರೆ, ನೋಡೇಬಿಡೋಣ.

ಆ ಬೆಳೆ ಮುಗಿಯುವವರೆಗೆ ಅವಳು ಗದ್ದೆಗೆ ಇಳಿಯಲಿಲ್ಲ. ದಿನಾ ಬೆಳಿಗ್ಗೆ ದಂಡೆಯ ಮೇಲೆ ಬಂದು ನಿಲ್ಲುತ್ತಿದ್ದಳು. ಕಾಲ ಬುಡದಲ್ಲೇ ಕಳೆ ಕಂಡರೂ ಬಗ್ಗುತ್ತಿರಲಿಲ್ಲ. ಪೈರು ಎದ್ದಾಗ ಕುರುಡರಿಗೂ ಕಾಣುವಂತಿತ್ತು. ಮೇಲಿನ ಅರ್ಧ ಕಪ್ಪು ಹಸಿರಾಗಿ ತೂಗುತ್ತಿತ್ತು, ಕೆಳಗಿನದು ತುದಿ ಸುಟ್ಟುಕೊಂಡು, ಹಳದಿಯಾಗಿ, ಮೊಣಕಾಲೆತ್ತರಕ್ಕೆ ನಿಂತುಹೋಗಿತ್ತು. ತನ್ನ ಗದ್ದೆಯ ಪೈರು ಸೊರಗಿದ್ದನ್ನು ನೋಡಿ ಹಿಗ್ಗಿದ ರೈತ ಹೆಂಗಸು ಈ ಸೀಮೆಯಲ್ಲಿ ಇವಳೊಬ್ಬಳೇ ಇರಬೇಕು. "ಇನ್ನೂ ಸೊರಗು ನಮ್ಮವ್ವ, ಇನ್ನೂ ಸೊರಗು" ಎಂದು ದಂಡೆಯ ಮೇಲೆ ನಿಂತು ಹರಸುತ್ತಿದ್ದಳು.

ಕೊಯ್ಲಾಯಿತು. ನಿರಂಜನ್ ಇಡೀ ದಿನ ನಿಂತು ದಾರದ ಚೌಕಗಳ ಪ್ರಕಾರವೇ ಕೊಯ್ಯಿಸಿದ. ನಾಗಕ್ಕನ ಗುಂಪು ಒಂದೊಂದು ಚೌಕದ ಪೈರನ್ನೂ ಒಂದೊಂದು ಸಿವುಡಾಗಿ ಕಟ್ಟಿ ಅಲ್ಲಲ್ಲೇ ಹಾಕಿತು, ಕೇಂದ್ರದವರು ಚೌಕದ ಗುರುತಿನ ಚೀಟಿ ಕಟ್ಟಿದರು. ಸಿವುಡುಗಳು ಬಿಸಿಲಿಗೆ ಒಣಗಬೇಕಾಗಿತ್ತು. ಒಕ್ಕಣೆ ಯಂತ್ರ ತರಲು ನಿರಂಜನ್ ಮಾರನೆಯ ದಿನ ಚಿತ್ರದುರ್ಗಕ್ಕೆ ಹೋದ. ಹಕ್ಕಿ, ದನ ಬಾರದಂತೆ ನೋಡಿಕೊಳ್ಳಲು ನಾಗಕ್ಕನ ಗುಂಪಿಗೇ ಒಪ್ಪಿಸಿದ.

ತೂಕದ ದಿನ ಅರ್ಧ ಊರೇ ಕಣದಲ್ಲಿತ್ತು. ಏಕನಾಥಮ್ಮ ಪೆಟ್ಟಿಗೆಯ ಸೀರೆ ಉಟ್ಟು ಬಂದಿದ್ದಳು. ಒಂದೊಂದೇ ಸಿವುಡು ಒಕ್ಕಿ, ತೂರಿ, ತೂಗಿ, ಸಂಜೆಯ ಹೊತ್ತಿಗೆ ಕೆಲಸ ಮುಗಿಯಿತು. ನಿರಂಜನ್ ಕೂಡಿದ, ಕಳೆದ, ಮತ್ತೆ ಕೂಡಿದ. ಹುಬ್ಬು ಗಂಟಿಕ್ಕಿ, "ನಾನು ಹಿಂಗೆ ಅಂದ್ಕಂಡಿರ್ಲಿಲ್ಲ. ಮೇಲಿನ ಅರ್ಧಕ್ಕೂ ಕೆಳಗಿನ ಅರ್ಧಕ್ಕೂ ಹೆಚ್ಚೇನೂ ವ್ಯತ್ಯಾಸ ಇಲ್ಲ. ಹತ್ರ ಹತ್ರ ಸಮ" ಎಂದ.

ರಂಗಪ್ಪ ತೊಡೆ ತಟ್ಟಿಕೊಂಡು ನಕ್ಕ.

"ಕೇಳಿದ್ರಾ? ಭೂಮಿ ಸಮ ಐತಂತೆ! ಆಯಮ್ಮ ಕೈ ಹಾಕ್ಲಿಲ್ಲ, ಕೆಳಗಿಂದೂ ಮೇಲಿನಷ್ಟೇ ಬಂತು. ಇನ್ನೇನ್ ಬೇಕು ಸಾಕ್ಷಿ? ಸರಕಾರದ ತಕ್ಕಡೀನೇ ಹೇಳ್ತು, ಕೈಗುಣ ಅಂತ!"

ಕಣ ಘೊಳ್ಳೆಂದಿತು. ಏಕನಾಥಮ್ಮ, "ಕಣ್ಣಿಗೆ ಕಾಣ್ತಿತ್ತಲ್ರೋ, ಮೊಣಕಾಲುದ್ದ ಇತ್ತಲ್ರೋ" ಎಂದು ಕೂಗಿದಳು. "ತೂಕದ ಮುಂದೆ ಕಣ್ಣೇನವ್ವ" ಎಂದು ಯಾರೋ ಹಿಂದಿನಿಂದ ಅಂದರು. ಇಷ್ಟು ದಿನ ಬಾಯಿಮಾತಾಗಿದ್ದ ಹೆಸರನ್ನು ಅವಳೇ ಕೈಯಾರೆ ಕರೆದು ತಂದು ತಕ್ಕಡಿಯಲ್ಲಿಟ್ಟು ಗಟ್ಟಿ ಮಾಡಿಸಿಕೊಂಡಂತಾಗಿತ್ತು. ಅವಳು ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಲೆ ಹಚ್ಚಲಿಲ್ಲ.

ಮುಚ್ಚಿದ ಬಾಗಿಲನ್ನು ತಳ್ಳಿಕೊಂಡು ಒಳಗೆ ಬಂದವಳು ನಾಗಕ್ಕ. ತಟ್ಟೆಯಲ್ಲಿ ಮುದ್ದೆ, ಸಾರು ತಂದಿದ್ದಳು.

"ಉಣ್ಣು. ಹೊಟ್ಟೆ ಮೇಲೆ ಯಾಕೆ ಸಿಟ್ಟು? ಕಮ್ಮಿ ಬಂದಿದ್ರೆ ಅಳ್ಬೇಕಿತ್ತು. ಸಮ ಬಂತಲ್ಲ. ಸಮ ಬರೋ ಹಂಗೆ ನಾನೇ ಮಾಡ್ದೆ."

"ಏನ್ ಮಾಡ್ದೆ?"

ನಾಗಕ್ಕ ದೊಡ್ಡ ಉಪಕಾರ ಮಾಡಿದವಳ ಹಾಗೆ ತಗ್ಗಿದ ದನಿಯಲ್ಲಿ ಹೇಳಿದಳು. ಸಿವುಡುಗಳು ಒಣಗುತ್ತಿದ್ದ ದಿನ ಅವಳ ಗುಂಪು ಮೇಲಿನ ದಪ್ಪ ಸಿವುಡುಗಳಿಂದ ಹಿಡಿ ಹಿಡಿ ತೆಗೆದು ಕೆಳಗಿನ ಬಡಕಲು ಸಿವುಡುಗಳಿಗೆ ಸೇರಿಸಿ ಕಟ್ಟಿತ್ತು. ಚೀಟಿ ಇದ್ದಲ್ಲೇ ಇತ್ತು. ಹಾಗೆ ಮಾಡುವುದು ಅವರಿಗೆ ಕಳ್ಳತನ ಅನಿಸಿರಲೂ ಇಲ್ಲ. ನಾಗಕ್ಕನ ಗುಂಪಿನಲ್ಲಿ ಅದು ಮೊದಲಿನಿಂದ ನಡೆದುಬಂದದ್ದು. ಯಾವ ಗದ್ದೆಯಲ್ಲೇ ಆಗಲಿ, ಒಬ್ಬಳ ಸಿವುಡು ಸಣ್ಣದಾದರೆ ಪಕ್ಕದವಳು ಒಂದು ಹಿಡಿ ಹಾಕಿ ಸರಿಮಾಡಬೇಕು. ಯಜಮಾನ ಬಂದಾಗ ಎಲ್ಲ ಸಿವುಡೂ ಒಂದೇ ಸಮ ಕಾಣಬೇಕು, ಯಾರೊಬ್ಬರೂ ಬೈಸಿಕೊಳ್ಳಬಾರದು.

"ಆಫೀಸರ್ ಮುಂದೆ ನಿನ್ನ ಮರ್ಯಾದೆ ಹೋಗ್ಬಾರ್ದು ಅಂತ ಕಣೆ. ಅಲ್ದೆ..." ನಾಗಕ್ಕ ಸೆರಗು ಸರಿಮಾಡಿಕೊಂಡಳು. "ನಾಟಿ ಹಾಕಿದ್ದು ನಾವಲ್ವ? ಕೆಳಗೆ ಕಮ್ಮಿ ಬಂದಿದ್ರೆ ನಾಗಕ್ಕನ ಗುಂಪಿಗೆ ಕೈಗುಣ ಇಲ್ಲ ಅಂತಿರ್ಲಿಲ್ವ ಜನ? ಆಮೇಲೆ ಯಾರು ಕರೀತಾರೆ ನಮ್ಮನ್ನ?"

ಏಕನಾಥಮ್ಮ ಎದ್ದು ನಿಂತಳು. ತಟ್ಟೆ ಕಾಲಿಗೆ ತಾಗಿ ಉರುಳಿತು.

"ಹಂಗಾರೆ ನಿನಗೆ ಗೊತ್ತಿತ್ತು. ಒಳ್ಳೆ ಕೈ ನಾಟಿ ಹಾಕಿದ್ರೂ ಅಲ್ಲಿ ಬರಲ್ಲ ಅಂತ ಗೊತ್ತಾಯ್ತು ನಿನಗೆ!"

"ನೆಲಾನೇ ಹಂಗಲ್ವೇನೆ..."

"ನಿನ್ನ ಕೈಗೆ ಬಂದಾಗ ನೆಲ! ನನ್ನ ಕೈಗೆ ಬಂದಾಗ ಕೈ! ಇನ್ನೂ ಬರದೇ ಇರೋ ಮಾತಿಗೆ ಹೆದರ್ಕಂಡು ಗದ್ದೆ ತುಂಬ ಓಡಾಡಿ ಸಿವುಡು ಸಮ ಮಾಡ್ದೆಯಲ್ಲ ನಾಗಕ್ಕ, ನಾನು ಆ ಮಾತ್ನ ಇಷ್ಟು ವರ್ಷ ಮೂರು ಹೊತ್ತು ಉಂಡಿದೀನಿ. ಈ ಕೈಗೆ ನಾಟಿ ಕಲಿಸಿದ್ದು ನೀನು. ಒಂದು ದಿನಾನಾದ್ರೂ ಕಟ್ಟೆ ಮುಂದೆ ನಿಂತು, 'ಇಲ್ಲ ಕಣ್ರೋ, ಅವಳ ಕೈ ಸರಿ ಐತೆ, ನಾನೇ ಕಲಿಸಿದ್ದು' ಅಂದ್ಯಾ? ಅಂದ್ಯಾ ಹೇಳು!"

ನಾಗಕ್ಕ ಚೆಲ್ಲಿದ ಸಾರನ್ನು ಸೆರಗಿನಿಂದ ಒರೆಸಿ, ತಟ್ಟೆ ಎತ್ತಿಕೊಂಡು ಹೋದಳು.

ಏಕನಾಥಮ್ಮ ಆ ಕ್ಷಣವೇ ನಿರಂಜನ್‌ನ ಬಳಿ ಹೋಗಿ ಇದ್ದದ್ದನ್ನು ಇದ್ದಹಾಗೆ ಹೇಳಬಹುದಿತ್ತು. ಅವನ ಜೀಪು ಇನ್ನೂ ಕಣದ ಬಳಿಯೇ ಇತ್ತು. ಬಾಗಿಲವರೆಗೆ ಹೋದವಳು ವಾಪಸು ಬಂದಳು. ಹೇಳಿದರೆ ಗುಂಪಿನ ಹೆಂಗಸರಿಗೆಲ್ಲ ಇನ್ನೊಂದು ಹೆಸರು ಬೀಳುತ್ತದೆ. ಹೆಸರು ಬೀಳುವುದೆಂದರೆ ಏನೆಂದು ಅವಳಷ್ಟು ಚೆನ್ನಾಗಿ ಬಲ್ಲವರು ಯಾರಿದ್ದರು? ನಾಗಕ್ಕನ ಮೇಲೆ ಕೊತಕೊತ ಕುದಿಯುತ್ತಿದ್ದರೂ ಅದನ್ನು ಮಾತ್ರ ಅವಳಿಂದ ಮಾಡಲಾಗಲಿಲ್ಲ.

ನಡುವಿನ ಬದು ಮತ್ತೆ ಹಾಕುವ ದಿನ ಬಂತು. ಕೆಂಚಣ್ಣನೇ ಹಗ್ಗ ತಂದಿದ್ದ. ರಂಗಪ್ಪ ಆಳುಗಳೊಂದಿಗೆ ಗುದ್ದಲಿ ಹಿಡಿದು ಬಂದಿದ್ದ. ನಿರಂಜನ್ ತನ್ನ ದಾರ, ಗೂಟ ಕೀಳಿಸುತ್ತಿದ್ದ, ಅದಕ್ಕೆ ನಾಗಕ್ಕನ ಗುಂಪೂ ಇತ್ತು. ಕಟ್ಟೆಯವರು ಎಂದಿನಂತೆ ನೋಡಲು ಬಂದಿದ್ದರು. ಏಕನಾಥಮ್ಮ ಎಲ್ಲರ ನಡುವೆ ಬಂದು ನಿಂತಳು.

"ಭಾವ, ಭೂಮಿ ಸಮ ಅಂದ್ರಲ್ಲ ನೀವು?"

"ನಾನ್ಯಾಕೆ ಅನ್ನಾಣ? ತಕ್ಕಡಿ ಅಂತು."

"ಹಂಗಾರೆ ಬದಲಾಯಿಸ್ಕಳಾಣ. ನನ್ನ ಅರ್ಧ ನೀವು ತಗಳ್ರಿ, ನಿಮ್ಮ ಅರ್ಧ ನನಗೆ ಕೊಡ್ರಿ. ಹೆಂಗೂ ಸಮ. ನಿಮ್ಮ ಕೈಗುಣ ಕೆಳಗೆ ತೋರಿಸ್ರಿ, ನನ್ನ ಕೆಟ್ಟ ಕೈ ಮೇಲೆ ಇಡ್ತೀನಿ."

ರಂಗಪ್ಪ ನಕ್ಕ. ಬೇರೆ ಯಾರೂ ನಗದಿದ್ದುದನ್ನು ಕಂಡು ನಿಲ್ಲಿಸಿದ. "ಹಿರೇರು ಹಾಕಿದ ಗೆರೆ ಅದು. ದಾಟಂಗಿಲ್ಲ" ಎಂದ.

"ಆ ಹಿರಿಯ ಇಲ್ಲೇ ಅವ್ನೆ. ಕೆಂಚಣ್ಣ, ನೀನೇನಂತೀಯಾ?"

ಕೆಂಚಣ್ಣ ಹಗ್ಗವನ್ನು ಕೈಯಿಂದ ಕೈಗೆ ಬದಲಿಸಿದ. "ಸಮ ಅಂದ ಮೇಲೆ ಬದಲಾಯಿಸ್ಕಂಡ್ರೆ ತಪ್ಪೇನಪ್ಪ" ಎಂದು ಗೊಣಗಿದ.

"ತಪ್ಪೇನಾ?" ರಂಗಪ್ಪನಿಗೆ ರೇಗಿಹೋಯಿತು. "ನಮ್ಮಪ್ಪ ಬದುಕಿರೋತನಕ ಮಂದೆ ಕೂಡಿದ ಭೂಮಿ ಬಿಟ್ಟು ಆ ಸವಳಿಗೆ ಹೋಗ್ಲಾ ನಾನು? ತಲೆ ಕೆಟ್ಟೈತಾ ನನಗೆ?"

ಮಾತು ಆಡಿದ ಮೇಲೆ ಅವನಿಗೆ ತಾನೇನು ಆಡಿದೆ ಎಂಬುದು ತಿಳಿಯಿತು. ಗೂಟ ಕೀಳುತ್ತಿದ್ದ ನಿರಂಜನ್ ಎದ್ದು ನಿಂತ. "ಸವಳು ಅಂತೀರಿ. ತೂಕದಾಗೆ ಯಾಕೆ ಬರ್ಲಿಲ್ಲ?" ಎಂದು ಕೇಳಿದ. ಬಾಯಿ ಬಿಟ್ಟವಳು ನಾಗಕ್ಕ.

"ನಾನು ಬರ್ದಂಗೆ ಮಾಡ್ದೆ ಸಾರ್. ಸಿವುಡು ಸಮ ಮಾಡಿಬಿಟ್ವಿ. ಮೇಲಿಂದು ಕೆಳಗೆ ಹಾಕಿದ್ವಿ. ನಮ್ಮ ಗುಂಪಿನೋರ್ದು ತಪ್ಪಿಲ್ಲ, ನಾನು ಹೇಳಿದ್ದು ಅವರು ಮಾಡಿದ್ರು."

ನಿರಂಜನ್ ಕೊಯ್ದ ಪೈರಿನ ಕೂಳೆಯ ಮೇಲೆ ಹಾಗೇ ಕೂತುಬಿಟ್ಟ. ಇಡೀ ಒಂದು ಬೆಳೆಯ ಕೆಲಸ ಕೆಸರಿಗೆ ಹೋಗಿತ್ತು. "ಎಲ್ಲಾ ಮೊದಲಿಂದ ಮಾಡ್ಬೇಕು" ಎಂದಷ್ಟೇ ಅಂದ.

ಇಷ್ಟಾದ ಮೇಲೆ ಏಕನಾಥಮ್ಮನಿಗೆ ಗೆದ್ದೆ ಎನ್ನಿಸಬೇಕಾಗಿತ್ತು. ಅವಳು ಸುತ್ತ ನಿಂತವರ ಮುಖ ನೋಡಿದಳು. ಅಯ್ಯೋ, ಹೀಗಿತ್ತಾ ಎಂದು ಒಬ್ಬರಾದರೂ ಬೆರಗಾಗುತ್ತಾರೆ ಎಂದುಕೊಂಡಿದ್ದಳು. ಒಬ್ಬರ ಮುಖದಲ್ಲೂ ಬೆರಗಿರಲಿಲ್ಲ. ಒಬ್ಬ ಬೀಡಿ ಹಚ್ಚಿಕೊಂಡ. ಇನ್ನೊಬ್ಬ ಆಕಳಿಸಿದ.

"ಕೆಂಚಣ್ಣ, ನಿಮಗೆಲ್ಲ ಗೊತ್ತಿತ್ತಾ?"

"ಗೊತ್ತಿಲ್ದೆ ಏನಮ್ಮ? ಬ್ಯಾಸಿಗೇಲಿ ಉಪ್ಪು ಬೆಳ್ಳಗೆ ಕಾಣ್ತೈತಲ್ಲ."

"ಮತ್ತೆ ಕೈಗುಣ ಅಂತ ಯಾಕಂದ್ರಿ?"

ಮುದುಕನಿಗೆ ಸುಳ್ಳು ಹೊಳೆಯಲಿಲ್ಲ. "ನೆಲ ಕೆಟ್ಟೈತೆ ಅಂದಿದ್ರೆ ಮತ್ತೆ ಪಾಲು ಮಾಡ್ಬೇಕಾಗ್ತಿತ್ತು. ಅಣ್ಣತಮ್ಮಂದ್ರು ಹೊಡೆದಾಡ್ತಿದ್ರು, ಕಚೇರಿ ಗಿಚೇರಿ ಅಂತ ನಾವೂ ಅಲೀಬೇಕಿತ್ತು. ಕೈಗುಣ ಅಂದ್ರೆ ಯಾರಿಗೂ ಏನೂ ಕೆಲ್ಸ ಇರ್ಲಿಲ್ಲ ನೋಡು."

ಆ ಮೇಲೆ ಅವಳು ಆಡಿದ ಮಾತುಗಳು ಇಲ್ಲಿ ಬರೆಯುವಂಥವಲ್ಲ. ಕಟ್ಟೆಯವರಲ್ಲಿ ಒಬ್ಬೊಬ್ಬನನ್ನೂ ಹೆಸರು ಹಿಡಿದು, ಅವನ ಮನೆಯಲ್ಲಿ ಬೀಜ ಚೆಲ್ಲುವಾಗ ತನ್ನನ್ನು ಹೇಗೆ ದಾಟಿ ಹೋಗಿದ್ದರು ಎಂದು ನೆನಪಿಸಿ ಬೈದಳು. ಕುರಿಯ ಹಿಂದೆ ಹೋಗಿ ಊರಲ್ಲೇ ಇಲ್ಲದ ಗಂಡನನ್ನೂ ಬಿಡಲಿಲ್ಲ. ಬೈದು ಬೈದು ದನಿ ಹರಿದ ಮೇಲೆ ಕೆಂಚಣ್ಣನ ಕೈಯಿಂದ ಹಗ್ಗ ಕಿತ್ತುಕೊಂಡಳು, ಬದು ಏಳಬೇಕಾದ ಗೆರೆಯ ಮೇಲೆ ಕಾಲು ಚಾಚಿ ಕೂತಳು.

"ಹಗ್ಗ ಹಿಡಿದು ಪಾಲು ಮಾಡಿದ್ದು ಸಾಕು. ಸಾರ್, ನೀವು ಇನ್ನೊಂದು ಬೆಳೆ ತೂಗ್ರಿ. ಬಂದ ಕಾಳು ನೋಡಿ ಇವರು ಪಾಲು ಮಾಡ್ಲಿ. ಅಲ್ಲೀತನಕ ಇಲ್ಲಿ ಬದು ಏಳಲ್ಲ. ಏಳಿಸೋನು ನನ್ನ ಮೇಲೆ ಮಣ್ಣು ಹಾಕಿ ಏಳಿಸ್ಲಿ."

ರಂಗಪ್ಪ ಆಳುಗಳ ಕಡೆ ನೋಡಿದ. ಆಳುಗಳು ಕೆಂಚಣ್ಣನ ಕಡೆ ನೋಡಿದರು. ಕೆಂಚಣ್ಣ ತನ್ನ ಕಾಲ ಕಡೆ ನೋಡಿಕೊಂಡ. ಸ್ವಲ್ಪ ಹೊತ್ತಿನ ಮೇಲೆ ನಾಗಕ್ಕ ಬಂದು ಒಂದು ಮಾರು ದೂರ ಬಿಟ್ಟು ಅದೇ ಗೆರೆಯ ಮೇಲೆ ಕೂತಳು. ಏಕನಾಥಮ್ಮ ಅವಳ ಕಡೆ ತಿರುಗಲಿಲ್ಲ, ಏಳು ಎಂದೂ ಅನ್ನಲಿಲ್ಲ.

ಆ ಗದ್ದೆಗೆ ಇವತ್ತಿಗೂ ಬದು ಬಿದ್ದಿಲ್ಲ.